ಮೇಲ್ ಕಂಪನಿ ಮಾರಾಟವಾದರೆ: ಯಾವ ಇಮೇಲ್ ನಂಬಿ ಇಟ್ಟುಕೊಳ್ಳಬಹುದು?

ಹೋದ ವರ್ಷ ದೀಪಾವಳಿಗೆ ಸಾಗರದ ದೊಡ್ಡಪ್ಪನ ಮನೆಗೆ ಹೋಗಿದ್ದೆ. ಕಾಫಿ ಲೋಟ ಕೆಳಗಿಡುವ ಮೊದಲೇ ದೊಡ್ಡಪ್ಪ ಹಳೇ ಡೈರಿ ಹಿಡಿದುಕೊಂಡು ಬಂದರು. "ನೋಡೋ, ಎರಡು ತಿಂಗಳಿಂದ ಒಂದು ಮೇಲೂ ಬರ್ತಿಲ್ಲ" ಅಂದರು. ಅವರ ಮೇಲ್ ವಿಳಾಸ ಹದಿನೈದು ವರ್ಷದ ಹಿಂದೆ ಬ್ರಾಡ್‌ಬ್ಯಾಂಡ್ ಹಾಕಿಸಿದಾಗ ಕನೆಕ್ಷನ್ ಜೊತೆ ಪುಕ್ಕಟೆ ಸಿಕ್ಕಿದ್ದು. ಆ ಕಂಪನಿಯನ್ನು ಇನ್ನೊಂದು ಕಂಪನಿ ಕೊಂಡುಕೊಂಡಿತ್ತು. ಹೊಸಬರಿಗೆ ಇಂಟರ್ನೆಟ್ ಗಿರಾಕಿಗಳು ಬೇಕಿದ್ದರು, ಮೇಲ್ ಸರ್ವರ್ ನೋಡಿಕೊಳ್ಳುವ ತಾಪತ್ರಯ ಬೇಕಿರಲಿಲ್ಲ. ಸೇವೆ ನಿಲ್ಲಿಸುತ್ತೇವೆ ಅಂತ ನೋಟಿಸನ್ನೇನೋ ಕಳಿಸಿದ್ದರಂತೆ, ಅದೇ ಮೇಲ್‌ಗೆ. ಆಫರ್‌ಗಳ ರಾಶಿಯ ನಡುವೆ ದೊಡ್ಡಪ್ಪನ ಕಣ್ಣಿಗೆ ಅದು ಬಿದ್ದಿರಲೇ ಇಲ್ಲ.

ಡೈರಿಯ ಒಂದು ಪುಟದಲ್ಲಿ ಆ ವಿಳಾಸ ಕೊಟ್ಟ ಕಡೆಗಳನ್ನೆಲ್ಲ ದುಂಡು ಅಕ್ಷರದಲ್ಲಿ ಬರೆದಿಟ್ಟಿದ್ದರು. ಪಿಂಚಣಿ ಬರುವ ಬ್ಯಾಂಕು, ಎಲ್‌ಐಸಿ, ಮ್ಯೂಚುವಲ್ ಫಂಡ್, ಆದಾಯ ತೆರಿಗೆ, ಗ್ಯಾಸ್, ರೈಲು ಟಿಕೆಟ್, ಅಮೆರಿಕದಲ್ಲಿರುವ ಮಗಳು. ಕೂತು ಎಣಿಸಿದೆವು, ಒಟ್ಟು 23. ಒಂದು ಕಡೆಯಂತೂ ಇಮೇಲ್ ಬದಲಿಸಲು ಹೋದರೆ ಹಳೇ ಇಮೇಲ್‌ಗೇ ಓಟಿಪಿ ಕಳಿಸುತ್ತಿತ್ತು. ಅದನ್ನು ತೆರೆಯೋಕೇ ಆಗದಿದ್ದರೆ ಏನು ಮಾಡೋದು? ಶಾಖೆಗೆ ಹೋಗಿ, ಫಾರಂ ತುಂಬಿ, ಪ್ಯಾನ್ ಕಾರ್ಡಿನ ಜೆರಾಕ್ಸ್ ಕೊಟ್ಟು ಸರಿಮಾಡಿಸುವಷ್ಟರಲ್ಲಿ ಮೂರು ವಾರ ಕಳೆಯಿತು.

"ಈಗ ಯಾವುದಕ್ಕೆ ಹೋಗಲಿ? ಯಾವುದನ್ನ ನಂಬೋದು?" ಅಂತ ದೊಡ್ಡಪ್ಪ ಕೇಳಿದರು. ಅವರಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ನಾವು ಸಾಮಾನ್ಯವಾಗಿ ನೋಡುವುದು ಎಷ್ಟು ಜಿಬಿ ಜಾಗ ಕೊಡುತ್ತಾರೆ, ಆ್ಯಪ್ ಚೆನ್ನಾಗಿದೆಯಾ, ದುಡ್ಡು ಎಷ್ಟು ಅನ್ನುವುದನ್ನು. ನಾನು ಅದಕ್ಕಿಂತ ಮೊದಲು ಎರಡು ವಿಷಯ ನೋಡುತ್ತೇನೆ. ಈ ಕಂಪನಿಯನ್ನು ಮಾರುವ ಹಕ್ಕು ಯಾರ ಕೈಯಲ್ಲಿದೆ? ಮಾರಿದ ದಿನ ನನ್ನ ಮೇಲ್‌ಗಳನ್ನೂ ನನ್ನ ವಿಳಾಸವನ್ನೂ ತೆಗೆದುಕೊಂಡು ನಾನು ಹೊರಗೆ ಬರಬಹುದಾ? ಇವತ್ತು ಒಳ್ಳೆಯವರ ಕೈಯಲ್ಲಿರುವ ಕಂಪನಿ ನಾಳೆ ಯಾರ ಕೈಯಲ್ಲಿರುತ್ತದೋ ಯಾರಿಗೂ ಗೊತ್ತಿರುವುದಿಲ್ಲ. ಹಾಗಾಗಿ ಹೊರಬಾಗಿಲು ಎಲ್ಲಿದೆ ಅಂತ ಮೊದಲೇ ನೋಡಿಟ್ಟುಕೊಳ್ಳಬೇಕು.

ಕೈ ಬದಲಾದಾಗ ಏನೇನಾಗಿದೆ

ಮೇಲ್ ಕಂಪನಿಗಳ ಮಾರಾಟ ಇಂದು ನಿನ್ನೆಯದಲ್ಲ. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ತಮ್ಮ ಗೆಳೆಯ ಜಾಕ್ ಸ್ಮಿತ್ ಜೊತೆ ಸೇರಿ 1996ರ ಜುಲೈ 4ರಂದು ಹಾಟ್‌ಮೇಲ್ ಶುರು ಮಾಡಿದರು. ಮುಂದಿನ ವರ್ಷದ ಡಿಸೆಂಬರ್ ಹೊತ್ತಿಗೆ ಅದು ಮೈಕ್ರೋಸಾಫ್ಟ್ ಪಾಲಾಗಿತ್ತು, ಸುಮಾರು 40 ಕೋಟಿ ಡಾಲರಿಗೆ. 2013ರಲ್ಲಿ ಹಾಟ್‌ಮೇಲ್ ಹೋಗಿ ಔಟ್‌ಲುಕ್ ಡಾಟ್ ಕಾಮ್ ಆಯಿತು. ಆದರೆ ಹಳೇ ಹಾಟ್‌ಮೇಲ್ ವಿಳಾಸಗಳು ಇವತ್ತಿಗೂ ನಡೆಯುತ್ತಿವೆ. ಕೊಂಡವರು ಹೀಗೂ ನಡೆದುಕೊಳ್ಳಬಹುದು ಅನ್ನುವುದಕ್ಕೆ ಇದು ಒಳ್ಳೆಯ ಉದಾಹರಣೆ.

ಯಾಹೂ ಕತೆ ಬೇರೆ, ಅದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 2013ರಲ್ಲಿ ಅದು ಒಂದು ವರ್ಷದಿಂದ ಬಳಸದ ಐಡಿಗಳನ್ನು ಬೇರೆಯವರಿಗೆ ಕೊಡಲು ಶುರು ಮಾಡಿತು. ಅಂದರೆ ನಿಮ್ಮ ಹಳೇ ವಿಳಾಸ ಇನ್ಯಾರದ್ದೋ ಆಗಬಹುದು. ಬ್ಯಾಂಕಿನಲ್ಲಿ ಆ ವಿಳಾಸ ಹಾಗೇ ಉಳಿದಿದ್ದರೆ? ಅದೇ 2013ರಲ್ಲಿ ಕಳ್ಳರು ಯಾಹೂ ಒಳಗೆ ನುಗ್ಗಿದ್ದರು. ಅದು ಬಹಿರಂಗವಾದದ್ದು 2016ರ ಡಿಸೆಂಬರಿನಲ್ಲಿ. ಆಗ ಹೇಳಿದ್ದು 100 ಕೋಟಿ ಅಕೌಂಟ್ ಅಂತ. 2017ರ ಅಕ್ಟೋಬರಿನಲ್ಲಿ ನಿಜ ಹೊರಬಂತು: ಅವತ್ತು ಇದ್ದ ಅಷ್ಟೂ ಅಕೌಂಟ್, 300 ಕೋಟಿ. ಈ ಎರಡು ತಾರೀಖುಗಳ ನಡುವೆ, 2017ರ ಜೂನ್‌ನಲ್ಲಿ, ಕಂಪನಿ ಅಮೆರಿಕದ ಟೆಲಿಫೋನ್ ಕಂಪನಿ ವೆರೈಜನ್ ಕೈಗೆ ಹೋಗಿತ್ತು. ಕಳ್ಳತನದ ಸುದ್ದಿಯಿಂದ ಬೆಲೆಯಲ್ಲಿ 35 ಕೋಟಿ ಡಾಲರ್ ಇಳಿಯಿತು, 448 ಕೋಟಿ ಡಾಲರಿಗೆ ವ್ಯಾಪಾರ ಕುದುರಿತು. ನಷ್ಟದ ಲೆಕ್ಕ ಹಾಕಿ ಬೆಲೆ ಇಳಿಸಿಕೊಳ್ಳಲು ಕೊಳ್ಳುವವರಿಗೆ ದಾರಿ ಇತ್ತು. ಅಕೌಂಟ್ ಇದ್ದವರಿಗೆ ಆಗ ಇದ್ದದ್ದು ಪಾಸ್‌ವರ್ಡ್ ಬದಲಿಸುವ ಕೆಲಸ ಮಾತ್ರ.

ನಾಲ್ಕೇ ವರ್ಷಕ್ಕೆ ವೆರೈಜನ್ ಕೂಡ ಕೈ ತೊಳೆದುಕೊಂಡಿತು. 2021ರ ಸೆಪ್ಟೆಂಬರಿನಲ್ಲಿ ಯಾಹೂ, ತನ್ನ ಕೈಯಲ್ಲಿದ್ದ ಇನ್ನೊಂದು ಮೇಲ್ ಕಂಪನಿ ಎಒಎಲ್ ಎರಡನ್ನೂ ಒಟ್ಟಿಗೆ 500 ಕೋಟಿ ಡಾಲರಿಗೆ ಅಪೋಲೋ ಅನ್ನುವ ಹೂಡಿಕೆ ಸಂಸ್ಥೆಗೆ ಕೊಟ್ಟು, ತನಗೆ ಶೇ. 10ರಷ್ಟು ಪಾಲು ಮಾತ್ರ ಉಳಿಸಿಕೊಂಡಿತು. ಈ ಕತೆಯಲ್ಲಿ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡುವುದು ಒಂದು ಸಣ್ಣ ಸಂಗತಿ. ನಿಮ್ಮ ಮೇಲ್ ತಾನಾಗಿಯೇ ಇನ್ನೊಂದು ವಿಳಾಸಕ್ಕೆ ಹೋಗುವಂತೆ ಮಾಡುವ ಫಾರ್ವರ್ಡಿಂಗ್ ಸೌಲಭ್ಯ ಇದೆಯಲ್ಲ, ಅದನ್ನು 2021ರ ಜನವರಿ 1ರಿಂದ ಪುಕ್ಕಟೆ ಬಳಸುವವರಿಗೆ ಯಾಹೂ ನಿಲ್ಲಿಸಿಬಿಟ್ಟಿತು. ದಿನಾ ಬಳಸುವಾಗ ಅದರ ನೆನಪೂ ಬರುವುದಿಲ್ಲ. ಬಿಟ್ಟು ಹೋಗೋಣ ಅಂದುಕೊಂಡ ದಿನ ಮೊದಲು ಬೇಕಾಗುವುದೇ ಅದು.

ಸ್ಕಿಫ್ ಅನ್ನುವುದೊಂದಿತ್ತು. ಖಾಸಗಿತನಕ್ಕೆ ಹೆಸರಾದ, ನೋಡಲು ಅಂದವಾದ ಸೇವೆ. 2024ರ ಫೆಬ್ರವರಿಯಲ್ಲಿ ನೋಷನ್ ಕಂಪನಿ ಅದನ್ನು ಕೊಂಡು, ಬಳಸುವವರಿಗೆ ಆರು ತಿಂಗಳ ಗಡುವು ಕೊಟ್ಟಿತು. ಆಗಸ್ಟ್‌ಗೆ ಬಾಗಿಲು ಹಾಕಿತು. ಕೊಂಡವರಿಗೆ ಬೇಕಾದದ್ದು ಅಲ್ಲಿನ ಎಂಜಿನಿಯರುಗಳು. ಹೊಸ, ಚಿಕ್ಕ, ಹೂಡಿಕೆದಾರರ ದುಡ್ಡಿನ ಮೇಲೆ ನಿಂತ ಪುಕ್ಕಟೆ ಸೇವೆಗಳ ಬಗ್ಗೆ ನನಗೆ ಭಯ ಇರುವುದು ಇದಕ್ಕೇ. ಕಂಪನಿ ಎಷ್ಟೇ ಪ್ರಾಮಾಣಿಕವಾಗಿದ್ದರೂ ಹೂಡಿದವರು ಒಂದು ದಿನ ದುಡ್ಡು ವಾಪಸ್ ಕೇಳುತ್ತಾರೆ.

ಈಗ ಒಂದೊಂದಾಗಿ

ಜಿಮೇಲ್, ಔಟ್‌ಲುಕ್ ಎರಡೂ ಸದ್ಯಕ್ಕೆ ಮಾರಾಟವಾಗುವಂಥವಲ್ಲ. ಇಲ್ಲಿ ಭಯ ಬೇರೆ ಇದೆ. ಮಾಲೀಕರು ಅವರೇ ಇರುತ್ತಾರೆ, ನಿಯಮ ಬದಲಾಗುತ್ತದೆ. ಗೂಗಲ್ 2023ರ ಡಿಸೆಂಬರಿನಿಂದ ಎರಡು ವರ್ಷ ಬಳಸದ ಅಕೌಂಟುಗಳನ್ನು ಅಳಿಸಲು ಶುರು ಮಾಡಿದೆ. ಪುಕ್ಕಟೆ ಸಿಗುವ 15 ಜಿಬಿ ಜಾಗ ಮೇಲ್, ಫೋಟೋ, ಡ್ರೈವ್ ಎಲ್ಲಕ್ಕೂ ಸೇರಿ. 2024ರಿಂದ ಆಂಡ್ರಾಯ್ಡ್ ಫೋನಿನ ವಾಟ್ಸ್ಯಾಪ್ ಬ್ಯಾಕಪ್ ಕೂಡ ಅದರಲ್ಲೇ ಲೆಕ್ಕ. ದಿನಾ ಬೆಳಗ್ಗೆ ಬರುವ ಶುಭೋದಯದ ಫೋಟೋ, ವಿಡಿಯೋಗಳಿಂದ ಜಾಗ ತುಂಬಿ, ಬ್ಯಾಂಕಿನ ಮೇಲ್ ಒಳಗೆ ಬರದೆ ವಾಪಸ್ ಹೋದದ್ದನ್ನು ನಮ್ಮ ಮನೆಯಲ್ಲೇ ನೋಡಿದ್ದೇನೆ. ಇನ್ನೊಂದು ತೊಂದರೆ ಅಂದರೆ, ಪುಕ್ಕಟೆ ಅಕೌಂಟ್ ಯಾವುದೋ ಕಾರಣಕ್ಕೆ ಲಾಕ್ ಆದರೆ ಫೋನ್ ಮಾಡಿ ಮಾತಾಡಲು ಆ ಕಡೆ ಮನುಷ್ಯರು ಸಿಗುವುದು ಕಷ್ಟ.

ಆದರೂ ಒಪ್ಪಬೇಕಾದ್ದನ್ನು ಒಪ್ಪಬೇಕು. ಜಿಮೇಲ್‌ನಿಂದ ಹೊರಗೆ ಬರುವ ದಾರಿ ಸುಲಭವಾಗಿದೆ. ಟೇಕ್‌ಔಟ್ ಅನ್ನುವ ಕಡೆ ಹೋದರೆ ಎಲ್ಲ ಮೇಲ್‌ಗಳನ್ನೂ ಒಂದು ಫೈಲಾಗಿ ಇಳಿಸಿಕೊಳ್ಳಬಹುದು. ಫಾರ್ವರ್ಡಿಂಗ್ ಪುಕ್ಕಟೆ ಇದೆ. ಮೇಲ್‌ಗಳನ್ನು ಬೇರೆ ತಂತ್ರಾಂಶಕ್ಕೆ ಎಳೆದುಕೊಳ್ಳುವ ಐಮ್ಯಾಪ್ ಕೂಡ ಇದೆ. ಭದ್ರತೆಯೂ ಚೆನ್ನಾಗಿದೆ. ತಲೆಬಿಸಿ ಬೇಡ ಅನ್ನುವವರಿಗೆ ಇದನ್ನು ಬೇಡ ಅಂತ ನಾನು ಹೇಳುವುದಿಲ್ಲ.

ರೆಡಿಫ್‌ಮೇಲ್ ಇನ್ನೂ ಇಟ್ಟುಕೊಂಡವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ, ಅದರಲ್ಲೂ ನಿವೃತ್ತರು. 2024ರ ಆಗಸ್ಟ್‌ನಲ್ಲಿ ಇನ್ಫಿಬೀಮ್ ಅವೆನ್ಯೂಸ್ ಕಂಪನಿ ರೆಡಿಫ್‌ನ ಶೇ. 54ರಷ್ಟು ಪಾಲನ್ನು 25 ಕೋಟಿ ರೂಪಾಯಿಗೆ ಕೊಂಡಿತು. ಹೊಸಬರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಹೊಸ ಮಾಲೀಕರು ಮುಂದೆ ಏನು ಮಾಡುತ್ತಾರೆ ಅಂತ ನೋಡುತ್ತಾ, ಬ್ಯಾಂಕು, ತೆರಿಗೆಯಂಥ ಮುಖ್ಯ ಕೆಲಸಗಳಿಗೆ ಈಗಲೇ ಇನ್ನೊಂದು ವಿಳಾಸ ಕೊಟ್ಟುಬಿಡುವುದು ಲೇಸು.

ಝೋಹೋ ಮೇಲ್ ಬಗ್ಗೆ ಈಗ ಎಲ್ಲರೂ ಕೇಳುತ್ತಾರೆ. ಚೆನ್ನೈ ಮೂಲದ ಕಂಪನಿ, 1996ರಲ್ಲಿ ಅಡ್ವೆಂಟ್‌ನೆಟ್ ಅನ್ನುವ ಹೆಸರಿನಲ್ಲಿ ಶುರುವಾದದ್ದು. ಹೊರಗಿನ ಹೂಡಿಕೆದಾರರ ದುಡ್ಡು ತೆಗೆದುಕೊಂಡಿಲ್ಲ, ಷೇರುಪೇಟೆಗೂ ಹೋಗಿಲ್ಲ. ಮಾರಿ ಅಂತ ಒತ್ತಾಯ ಮಾಡುವವರು ಹೊರಗೆ ಯಾರೂ ಇಲ್ಲ. ನನ್ನ ಲೆಕ್ಕದಲ್ಲಿ ಇದು ಅದರ ದೊಡ್ಡ ಬಲ. ಆದರೆ ಒಳಗಿನವರೇ ಮನಸ್ಸು ಬದಲಿಸಿದರೆ ತಡೆಯುವವರೂ ಇಲ್ಲ ಅನ್ನುವುದು ನೆನಪಿರಲಿ. ಪುಕ್ಕಟೆ ಪ್ಲಾನಿನಲ್ಲಿ ಐಮ್ಯಾಪ್ ಸಿಗುವುದಿಲ್ಲ, ಅವರ ವೆಬ್‌ಸೈಟು ಅಥವಾ ಆ್ಯಪಿನಲ್ಲೇ ನೋಡಬೇಕು. ನನ್ನ ಎರಡನೇ ಪ್ರಶ್ನೆಗೆ ಪುಕ್ಕಟೆ ಪ್ಲಾನ್ ಪಾಸಾಗುವುದಿಲ್ಲ, ದುಡ್ಡು ಕಟ್ಟುವ ಪ್ಲಾನ್ ಪಾಸಾಗುತ್ತದೆ.

ಪ್ರೋಟಾನ್ ಮೇಲ್ ಸ್ವಿಟ್ಜರ್ಲೆಂಡಿನದು. ಸರ್ನ್ ಪ್ರಯೋಗಾಲಯದಲ್ಲಿ ಪರಿಚಯವಾದ ವಿಜ್ಞಾನಿಗಳು 2014ರಲ್ಲಿ ಜನರಿಂದಲೇ ದುಡ್ಡು ಎತ್ತಿ ಕಟ್ಟಿದ್ದು. ಮಾಲೀಕತ್ವದ ವಿಷಯದಲ್ಲಿ ಇವರು ಮಾಡಿದ ಕೆಲಸ ನನಗೆ ತುಂಬಾ ಹಿಡಿಸಿತು. 2024ರ ಜೂನ್‌ನಲ್ಲಿ ಲಾಭದ ಉದ್ದೇಶವಿಲ್ಲದ ಒಂದು ಪ್ರತಿಷ್ಠಾನ ಮಾಡಿ, ಅದನ್ನೇ ಕಂಪನಿಯ ಮುಖ್ಯ ಷೇರುದಾರನನ್ನಾಗಿ ಮಾಡಿದರು. ಕಂಪನಿ ಯಾರಿಗೋ ಮಾರಾಟವಾಗಬೇಕಾದರೆ ಆ ಪ್ರತಿಷ್ಠಾನ ಒಪ್ಪಬೇಕು. ಮಾರುವ ಹಕ್ಕು ಯಾರದ್ದು ಅನ್ನುವ ನನ್ನ ಮೊದಲ ಪ್ರಶ್ನೆಗೆ ಇಷ್ಟು ಸ್ಪಷ್ಟವಾದ ಉತ್ತರ ಬೇರೆಲ್ಲೂ ಕಂಡಿಲ್ಲ.

ಆದರೆ ಎರಡು ಮಾತು ತಿಳಿದಿರಬೇಕು. ಪ್ರೋಟಾನ್‌ನಿಂದ ಪ್ರೋಟಾನ್‌ಗೆ ಹೋಗುವ ಮೇಲ್ ಮಾತ್ರ ತಾನಾಗಿಯೇ ಈ ತುದಿಯಿಂದ ಆ ತುದಿವರೆಗೆ ಬೀಗ ಹಾಕಿಕೊಂಡೇ, ಅಂದರೆ ನಡುವೆ ಯಾರೂ ಓದಲಾಗದ ಗೂಢಲಿಪಿಯಲ್ಲಿ, ಹೋಗುತ್ತದೆ. ನಿಮ್ಮ ಬ್ಯಾಂಕು ಮಾಮೂಲಿಯಾಗಿ ಕಳಿಸಿದ ಮೇಲ್ ಹಾಗೆ ಬರುವುದಿಲ್ಲ, ಇವರ ಪೆಟ್ಟಿಗೆ ಸೇರಿದ ಮೇಲೆ ಬೀಗ ಬೀಳುತ್ತದೆ. ಇನ್ನು, ಸ್ವಿಟ್ಜರ್ಲೆಂಡಿನಲ್ಲಿದ್ದರೂ ಕಾನೂನು ತಪ್ಪುವುದಿಲ್ಲ. 2021ರಲ್ಲಿ ಅಲ್ಲಿನ ಅಧಿಕಾರಿಗಳ ಆದೇಶದ ಮೇಲೆ ಫ್ರಾನ್ಸಿನ ಪರಿಸರ ಹೋರಾಟಗಾರರೊಬ್ಬರ ಐಪಿ ವಿಳಾಸವನ್ನು, ಅಂದರೆ ಯಾವ ಇಂಟರ್ನೆಟ್ ಕನೆಕ್ಷನ್‌ನಿಂದ ಬಳಸುತ್ತಿದ್ದಾರೆ ಅಂತ ತೋರಿಸುವ ಸಂಖ್ಯೆಯನ್ನು, ಪ್ರೋಟಾನ್ ಕೊಡಬೇಕಾಯಿತು. ನಮ್ಮ ಕಡೆಯದೇ ಒಂದು ಸಂಗತಿಯೂ ಇದೆ. ಒಂದು ಸಂಸ್ಥೆಯ ಮಹಿಳಾ ಸಿಬ್ಬಂದಿಯನ್ನು ಗುರಿಮಾಡಿ ಅಶ್ಲೀಲ ಮೇಲ್‌ಗಳು ಬರುತ್ತಿದ್ದ ಪ್ರಕರಣದಲ್ಲಿ, 2025ರ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಪ್ರೋಟಾನ್ ಮೇಲ್ ಅನ್ನು ದೇಶದಲ್ಲಿ ತಡೆಯುವ ಪ್ರಕ್ರಿಯೆ ಶುರು ಮಾಡುವಂತೆ ಕೇಂದ್ರ ಸರ್ಕಾರಕ್ಕೆ ಆದೇಶ ಕೊಟ್ಟಿತು. ಮಾಲೀಕರು ಬದಲಾಗದಿದ್ದರೂ ನಾವು ಇರುವ ಊರಿನಿಂದ ಬಾಗಿಲು ಮುಚ್ಚಬಹುದು ಅನ್ನುವುದು ಇದರಿಂದ ಗೊತ್ತಾಗುತ್ತದೆ. ಅಷ್ಟಕ್ಕೇ ಪ್ರೋಟಾನ್ ಬೇಡ ಅನ್ನಬೇಕಿಲ್ಲ. ಆದರೆ ಪಿಂಚಣಿಯ ಮೇಲ್ ಬರುವ ಒಂದೇ ಒಂದು ವಿಳಾಸ ಅದಾಗಿರುವುದು ಬೇಡ.

ಜರ್ಮನಿಯ ಹ್ಯಾನೋವರ್ ಊರಿನ ಟ್ಯೂಟಾ ಕೂಡ ಬೀಗ ಹಾಕುವ ಇದೇ ಜಾತಿಯದು. ಐಮ್ಯಾಪ್ ಇಲ್ಲ. ಪುಕ್ಕಟೆ ಅಕೌಂಟನ್ನು ಆರು ತಿಂಗಳು ತೆರೆಯದಿದ್ದರೆ ಅಳಿಸುತ್ತಾರೆ. ದಿನಾ ಮೇಲ್ ನೋಡದ ಹಿರಿಯರಿಗೆ ಇದು ಒಗ್ಗುವುದಿಲ್ಲ.

ಫಾಸ್ಟ್‌ಮೇಲ್ ನಮ್ಮಲ್ಲಿ ಅಷ್ಟು ಜನಕ್ಕೆ ಗೊತ್ತಿಲ್ಲ. 1999ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಶುರುವಾದದ್ದು. 2010ರಲ್ಲಿ ಅದನ್ನು ನಾರ್ವೆಯ ಒಪೆರಾ ಕಂಪನಿ ಕೊಂಡಿತು. ಮೂರು ವರ್ಷ ಕಳೆದ ಮೇಲೆ, 2013ರಲ್ಲಿ, ಅಲ್ಲಿ ಕೆಲಸ ಮಾಡುತ್ತಿದ್ದವರೇ ಕಂಪನಿಯನ್ನು ವಾಪಸ್ ಕೊಂಡುಕೊಂಡರು! ದುಡಿಯುವವರೇ ಮಾಲೀಕರಾದರು. ಪುಕ್ಕಟೆ ಪ್ಲಾನ್ ಇಲ್ಲ, ಜಾಹೀರಾತೂ ಇಲ್ಲ, ಗಿರಾಕಿ ಕೊಡುವ ದುಡ್ಡೇ ಆದಾಯ. ಹೊರಗೆ ಬರುವ ದಾರಿ ಪೂರ್ತಿ ತೆರೆದಿದೆ. ಪ್ರೋಟಾನ್‌ನಂಥ ಬೀಗ ಇಲ್ಲ, ಸರ್ವರ್ ಇರುವುದು ಅಮೆರಿಕದಲ್ಲಿ. ಗುಟ್ಟಿನ ವ್ಯವಹಾರದವರಿಗೆ ಬೇರೆ ನೋಡಬೇಕು. ಮಾಮೂಲಿ ಸಂಸಾರಸ್ಥರಿಗೆ, ಡಾಲರ್ ಲೆಕ್ಕದಲ್ಲಿ ದುಡ್ಡು ಕಟ್ಟಲು ಆಗುವುದಾದರೆ, ನಾನು ನೆಮ್ಮದಿಯಿಂದ ಹೇಳಬಲ್ಲ ಹೆಸರು ಇದು.

ಆಫೀಸಿನ, ಕಾಲೇಜಿನ, ಬ್ರಾಡ್‌ಬ್ಯಾಂಡ್ ಕಂಪನಿಯ ಮೇಲ್‌ಗಳನ್ನು ಸ್ವಂತ ಕೆಲಸಕ್ಕೆ ಕೊಡಲೇಬೇಡಿ. ಅಮೆರಿಕದಲ್ಲಿ ವೆರೈಜನ್ ತನ್ನ ಗಿರಾಕಿಗಳ ಮೇಲ್ ಸೇವೆಯನ್ನು 2017ರಲ್ಲಿ ನಿಲ್ಲಿಸಿ ಎಒಎಲ್‌ಗೆ ದಾಟಿಸಿತು. ಅಲ್ಲಿರುವ ನಮ್ಮ ಮಕ್ಕಳಿಗೂ ಈ ಮಾತು ಹೇಳಿ.

ವಿಳಾಸ ನಿಮ್ಮದಾಗಲಿ

ಇಲ್ಲಿವರೆಗೆ ಹೇಳಿದ್ದೆಲ್ಲ ಬಾಡಿಗೆ ಮನೆಗಳ ಹೋಲಿಕೆ. ಮನೆ ಎಷ್ಟೇ ಚೆನ್ನಾಗಿದ್ದರೂ ಮಾಲೀಕರು ಮಾರಿದರೆ ನಿಮ್ಮ ಮೇಲ್‌ಗಳನ್ನು ಗಂಟು ಕಟ್ಟಿಕೊಂಡು ಬರಬಹುದು, ವಿಳಾಸ ಬರುವುದಿಲ್ಲ. ದೊಡ್ಡಪ್ಪ ಓಡಾಡಿದ 23 ಕಡೆಯ ಕಷ್ಟವೆಲ್ಲ ವಿಳಾಸದ್ದೇ.

ಇದಕ್ಕೆ ದಾರಿ ಸ್ವಂತ ಡೊಮೇನ್. ಅಂದರೆ ನಿಮ್ಮ ಹೆಸರಿನ ಅಥವಾ ಮನೆತನದ ಹೆಸರಿನ ಮುಂದೆ ಡಾಟ್ ಇನ್, ಡಾಟ್ ಕಾಮ್ ಅಂತ ಬರುವ ವಿಳಾಸ. ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು ಬೀಳುತ್ತದೆ. ಡೊಮೇನ್ ಕೊಂಡ ಕಡೆ ಎಂಎಕ್ಸ್ ಅಂತ ಒಂದು ನಮೂದು ಇರುತ್ತದೆ. ಈ ವಿಳಾಸಕ್ಕೆ ಬಂದ ಮೇಲ್ ಯಾವ ಕಂಪನಿಯ ಪೆಟ್ಟಿಗೆಗೆ ಹೋಗಬೇಕು ಅಂತ ಹೇಳುವುದು ಅದೇ. ಇವತ್ತು ಝೋಹೋ, ನಾಳೆ ಬೇಡ ಅನ್ನಿಸಿದರೆ ಫಾಸ್ಟ್‌ಮೇಲ್. ಆ ನಮೂದು ಬದಲಿಸಿದರೆ ಒಂದೆರಡು ದಿನದೊಳಗೆ, ಮುಂದೆ ಬರುವ ಮೇಲ್‌ಗಳೆಲ್ಲ ಹೊಸ ಪೆಟ್ಟಿಗೆಗೆ ಬೀಳುತ್ತವೆ. ಬ್ಯಾಂಕಿಗೆ, ಮಗಳಿಗೆ, ಯಾರಿಗೂ ಹೇಳಬೇಕಿಲ್ಲ.

ಇದು ಕೆಲಸ ಮಾಡುತ್ತದಾ ಅಂತ ಅನುಮಾನ ಇದ್ದರೆ ಕೇಂದ್ರ ಸರ್ಕಾರವನ್ನೇ ನೋಡಿ. 12 ಲಕ್ಷಕ್ಕೂ ಹೆಚ್ಚು ನೌಕರರ ಮೇಲ್‌ಗಳು ಸರ್ಕಾರದ್ದೇ ಕಂಪ್ಯೂಟರ್ ಸಂಸ್ಥೆ ಎನ್‌ಐಸಿಯ ಹಳೇ ವ್ಯವಸ್ಥೆಯಿಂದ ಝೋಹೋ ವ್ಯವಸ್ಥೆಗೆ ಹೋದವು. ವಿಳಾಸ ಮಾತ್ರ ಮೊದಲಿನಂತೆ ಗವ್ ಡಾಟ್ ಇನ್, ಎನ್‌ಐಸಿ ಡಾಟ್ ಇನ್ ಅಂತಲೇ ಉಳಿಯಿತು. ಕಚೇರಿಗಳ ಬೋರ್ಡಿನಲ್ಲಿ ಬರೆದ ಇಮೇಲ್ ಅಳಿಸಿ ಬರೆಯುವ ಕೆಲಸ ಬರಲಿಲ್ಲ.

ಆದರೆ ಡೊಮೇನ್ ಕೂಡ ಮನೆ ಕಟ್ಟುವ ಸೈಟಿನ ಹಾಗೆ ಪೂರ್ತಿ ನಮ್ಮದಲ್ಲ. ವರ್ಷ ವರ್ಷ ದುಡ್ಡು ಕಟ್ಟಬೇಕು. ಸೈಟಿನ ಕಂದಾಯ ಬಾಕಿ ಬಿದ್ದರೆ ಬಡ್ಡಿ ಸಮೇತ ಆಮೇಲೆ ಕಟ್ಟಬಹುದು. ಡೊಮೇನ್ ಗಡುವು ಮೀರಿ, ಕೊಡುವ ಅಲ್ಪಸ್ವಲ್ಪ ರಿಯಾಯಿತಿ ದಿನಗಳೂ ಕಳೆದರೆ ಇನ್ಯಾರೋ ಕೊಳ್ಳುತ್ತಾರೆ. ಆಮೇಲೆ ನಿಮ್ಮ ಬ್ಯಾಂಕಿನ ಮೇಲ್ ಅವರ ಪೆಟ್ಟಿಗೆಗೆ ಬೀಳುತ್ತದೆ. ಇದು ಈ ದಾರಿಯ ನಿಜವಾದ ಅಪಾಯ, ಸಣ್ಣದು ಅಂತ ಅಂದುಕೊಳ್ಳಬೇಡಿ. ನವೀಕರಿಸಿ ಅಂತ ನೆನಪಿಸುವ ಮೇಲ್ ಅದೇ ಡೊಮೇನ್ ವಿಳಾಸಕ್ಕೆ ಬರುವ ಹಾಗೆ ಇಡಲೂಬೇಡಿ. ಅದು ನಿಂತುಹೋದರೆ ನೆನಪೋಲೆಯೂ ನಿಲ್ಲುತ್ತದೆ, ದೊಡ್ಡಪ್ಪನಿಗೆ ಬಂದ ನೋಟಿಸಿನ ಹಾಗೇ. ಅದಕ್ಕೊಂದು ಬೇರೆ ಜಿಮೇಲ್ ಇರಲಿ.

ಡೊಮೇನ್ ಮಾರುವ ಕಂಪನಿಗಳೂ ಕೈ ಬದಲಾಗುತ್ತವೆ. ಗೂಗಲ್ ತನ್ನ ಡೊಮೇನ್ ವ್ಯಾಪಾರವನ್ನು 2023ರಲ್ಲಿ ಸ್ಕ್ವೇರ್‌ಸ್ಪೇಸ್‌ಗೆ ಮಾರಿತು. ಇಲ್ಲಿ ಸಮಾಧಾನ ಅಂದರೆ, ಒಬ್ಬರಿಂದ ಇನ್ನೊಬ್ಬರಿಗೆ ಡೊಮೇನ್ ಸಾಗಿಸಲು ಎಲ್ಲರೂ ಒಪ್ಪಬೇಕಾದ ನಿಯಮ ಇದೆ. ಕೊನೆಯ ಅಕ್ಷರಗಳ ವಿಷಯದಲ್ಲೂ ಎಚ್ಚರ ಬೇಕು. ಡಾಟ್ ಆರ್ಗ್ ನೋಡಿಕೊಳ್ಳುವ ಸಂಸ್ಥೆಯನ್ನು 2019ರಲ್ಲಿ ಒಂದು ಹೂಡಿಕೆ ಕಂಪನಿಗೆ 113.5 ಕೋಟಿ ಡಾಲರಿಗೆ ಮಾರಲು ಹೊರಟಿದ್ದರು. ಬಹಳ ಜನ ವಿರೋಧಿಸಿದ ಮೇಲೆ 2020ರ ಏಪ್ರಿಲ್‌ನಲ್ಲಿ ಡೊಮೇನ್‌ಗಳ ಮೇಲ್ವಿಚಾರಣೆ ಮಾಡುವ ಐಕ್ಯಾನ್ ಸಂಸ್ಥೆ ಅದನ್ನು ತಡೆಯಿತು. ಮೊದಲ ವರ್ಷ 99 ರೂಪಾಯಿ ಅಂತ ಆಸೆ ತೋರಿಸುವ ಹೊಸ ಹೊಸ ಬಾಲಗಳು ಬೇಡ. ಡಾಟ್ ಇನ್ ನೋಡಿಕೊಳ್ಳುವುದು ನಮ್ಮ ನಿಕ್ಸಿ ಸಂಸ್ಥೆ, ನನ್ನ ಆಯ್ಕೆ ಅದೇ.

ಇದೆಲ್ಲ ನೋಡಿಕೊಳ್ಳಲು ಮನೆಯಲ್ಲಿ ಒಬ್ಬರಾದರೂ ಇರಬೇಕು. ಇಲ್ಲ ಅಂದರೆ ಡೊಮೇನ್ ಗೋಜಿಗೆ ಹೋಗಬೇಡಿ. ಜಿಮೇಲ್ ಇಟ್ಟುಕೊಂಡು, ವರ್ಷಕ್ಕೊಮ್ಮೆ ಟೇಕ್‌ಔಟ್ ಮಾಡಿ ಪೆನ್‌ಡ್ರೈವಿಗೆ ಹಾಕಿಡಿ. ಬ್ಯಾಂಕಿನಲ್ಲಿ ಮೊಬೈಲ್ ನಂಬರ್ ಸರಿಯಾಗಿದೆಯಾ ಅಂತ ನೋಡಿಕೊಳ್ಳಿ. ಬಹಳ ಮನೆಗಳಿಗೆ ಇಷ್ಟು ಸಾಕು.

ಬದಲಾಯಿಸುವಾಗ

ನಿಮ್ಮ ಮೇಲ್ ಕಂಪನಿ ಮಾರಾಟವಾದ ಸುದ್ದಿ ಬಂದ ದಿನ ಗಾಬರಿಯಾಗಿ ಅಕೌಂಟ್ ಅಳಿಸಬೇಡಿ. ಆ ದಿನಗಳಲ್ಲೇ ಕಳ್ಳ ಮೇಲ್‌ಗಳು ಜಾಸ್ತಿ ಬರುತ್ತವೆ: "ಹೊಸ ಸರ್ವರ್‌ಗೆ ನಿಮ್ಮ ಅಕೌಂಟ್ ದಾಟಿಸಲು ಇಲ್ಲಿ ಒತ್ತಿ" ಅಂತ. ಒತ್ತಬೇಡಿ. ವೆಬ್‌ಸೈಟಿನ ವಿಳಾಸ ನೀವೇ ಟೈಪ್ ಮಾಡಿ ಒಳಗೆ ಹೋಗಿ ನೋಡಿ. ಮೊದಲು ಎಲ್ಲ ಮೇಲ್‌ಗಳ ಪ್ರತಿ ಇಳಿಸಿಕೊಳ್ಳಿ. ಐಮ್ಯಾಪ್ ಇರುವ ಕಡೆ ಥಂಡರ್‌ಬರ್ಡ್ ಅನ್ನುವ ಪುಕ್ಕಟೆ ತಂತ್ರಾಂಶ ಇದಕ್ಕೆ ಸಾಕು. ಆಮೇಲೆ ಫಾರ್ವರ್ಡಿಂಗ್ ಹಾಕಿ. ದುಡ್ಡಿನ ವಿಷಯದ ಕಡೆಗಳಲ್ಲಿ ಮೊದಲು ವಿಳಾಸ ಬದಲಿಸಿ, ಅಂಗಡಿ, ಟಿಕೆಟ್‌ನವು ಆಮೇಲೆ. ಹಳೇ ಅಕೌಂಟಿಗೆ ಕಡಿಮೆ ಅಂದರೂ ಒಂದು ವರ್ಷ ಆಗಾಗ ಹೋಗಿ ಬನ್ನಿ. ವಿಮೆಯ ಕಂತು, ಡೊಮೇನ್ ನವೀಕರಣದಂಥವು ವರ್ಷಕ್ಕೆ ಒಂದೇ ಸಲ ಬಾಗಿಲು ತಟ್ಟುತ್ತವೆ.

ದೊಡ್ಡಪ್ಪನಿಗೆ ಮನೆತನದ ಹೆಸರಿನಲ್ಲಿ ಡಾಟ್ ಇನ್ ತೆಗೆದುಕೊಂಡೆವು, ಹತ್ತು ವರ್ಷಕ್ಕೆ ಒಟ್ಟಿಗೆ ಕಟ್ಟಿ. ಪೆಟ್ಟಿಗೆ ಸದ್ಯಕ್ಕೆ ಝೋಹೋದಲ್ಲಿದೆ, ದುಡ್ಡು ಕಟ್ಟುವ ಪ್ಲಾನ್. ನವೀಕರಣದ ನೆನಪೋಲೆ ನನ್ನ ಜಿಮೇಲ್‌ಗೂ ಅಮೆರಿಕದ ಅಕ್ಕನಿಗೂ ಬರುತ್ತದೆ. ಡೈರಿಯ ಆ ಪುಟದಲ್ಲಿ 23 ಸಾಲಿಗೂ ಈಗ ಕೆಂಪು ಶಾಯಿಯ ಗುರುತು ಬಿದ್ದಿದೆ. ಕೆಳಗೆ ಹೊಸದಾಗಿ ಒಂದು ಸಾಲು ಸೇರಿದೆ: "ಡೊಮೇನ್ ಕಂದಾಯ, 2035 ನವೆಂಬರ್. ನಾನು ಇಲ್ಲದಿದ್ದರೆ ಮಗಳು ಕಟ್ಟತಕ್ಕದ್ದು."